ಪುಸ್ತಕ ಖಾಲಿ ಕಳಸೂದಿಲ್ಲ

ಇಚಲಕರಂಜಿ
೧೮ ಸೆಪ್ಟೆಂಬರ್ ೧೯೭೮

ಮುಕ್ತಾ,

ನೀ ಅಲ್ಲೆ ಗಡಹಿಂಗ್ಲಜದಾಗ ಸಾಲಿ ಲೈಬ್ರರಿ ಕೀಲಿಗೊಂಚಲ ಸೊಂಟಕ್ಕ ಸಿಗಿಸಿಕೊಂಡು ಆರಾಮ ಕುಂತಿರತಿ ಅಂತ ಗೊತ್ತೈತಿ. ನಾ ಆರಾಮ ಇಲ್ಲ. ನನ್ನ ಲೈಬ್ರರಿಗೆ ಇರಿವಿ ಹತ್ಯಾವ.

ನಗಬ್ಯಾಡ, ಪೂರ್ತಿ ಓದು. ಶ್ರಾವಣದಾಗ ಕಮಿಟಿ ಮಂದಿ ಕೂಡ ಜಗಳಾಡಿ ಕನ್ನಡ ಪುಸ್ತಕದ್ದೊಂದು ಪೇಟಿ ನೇಕಾರ ಓಣಿಗೆ ಒಯ್ಯಾಕ ಪರವಾನಿಗಿ ತಗದೆ ಅಂತ ಬರದಿದ್ನೆಲ್ಲ? ನಮ್ಮ ಅಧ್ಯಕ್ಷರು ತಾತ್ಯಾಸಾಹೇಬರು ಮೀಸಿ ತಿರುವಿ, "ಕನ್ನಡ ಪುಸ್ತಕ ಕೋಣ ವಾಚಣಾರ, ತಾರಾಬಾಯಿ?" ಅಂದಿದ್ರು. ಯಾರು ಓದತಾರ ಅಂತ ತೋರಸತೇನಿ ತಡೀರಿ ಅಂತ ನಾನೂ ಸೆರಗ ಸಿಗಿಸಿದೆ. ಈಗ ಮಗ್ಗದ ಸುಟ್ಟಿ ದಿನ ಆ ಓಣ್ಯಾನ ಯಲಗೂರಪ್ಪನ ಕೈಗಾಡಿ ಮ್ಯಾಲ ಪೇಟಿ ಹೇರಿಕೊಂಡು ಹೋಗತೇನಿ, ಓಣಿಯಾವರ ಮನಿ ಕಟ್ಟಿ ಮ್ಯಾಲ ತೆರದಿಡತೇನಿ. ಆ ಓಣ್ಯಾಗ ಎಲ್ಲಾ ಬನಹಟ್ಟಿ, ಇಳಕಲ್ಲ ಕಡಿಂದ ಮಗ್ಗದ ಕೆಲಸಕ್ಕ ಬಂದ ಮಂದಿ. ಪುಸ್ತಕ ಒಯ್ಯಾವರು ಗಂಡಸರಕಿಂತ ಹೆಂಗಸರ ಭಾಳ. ಫಕೀರವ್ವ ಅಂತ ಒಬ್ಬಾಕಿ ಅದಾಳ. ಗಂಡ ರಾಯಪ್ಪ ಮಗ್ಗ ನಡಸತಾನ, ಈಕಿ ಮನ್ಯಾಗ ಕುಂತು ಕಾಂಡಿಗೆ ನೂಲ ಸುತ್ತತಾಳ. ಸಾಲಿ ಕಲತದ್ದು ಅಷ್ಟಕ್ಕಷ್ಟ, ಆದ್ರ ದನಿ ತಗದು ಓದಾಕ ಹತ್ತಿದಳಂದ್ರ ಸುತ್ತಲಿನ ಮನಿಯಾವರೆಲ್ಲ ತಮ್ಮ ತಮ್ಮ ಕಾಂಡಿ ಬುಟ್ಟಿ ತೊಗೊಂಡು ಆಕಿ ಪಡಸಾಲಿಗೇ ಬಂದು ಕುಂಡರತಾರ. ದಿನಾ ಮರಾಠಿ ಮಾತಾಡಿ ಮಾತಾಡಿ ಮಡಚಿಟ್ಟ ನನ್ನ ನಾಲಿಗಿ ಆ ಓಣಿಗೆ ಹೋದ್ರ ಹಗರ ಆಗತೈತಿ, ಮುಕ್ತಾ. "ಬಂದೇನ ಬೇ ತಾರವ್ವ" ಅಂತಾರ. ಅಷ್ಟು ಸಾಕ ನನಗ.

ಇನ್ನ ಇರಿವಿ ಕಥಿ. ಹೊಳ್ಳಿ ಬಂದ ಪುಸ್ತಕ ತೆರದ್ರ ಒಂದರಾಗ ಚಿಟಿಕಿ ಸಕ್ಕರಿ. ಇನ್ನೊಂದರಾಗ ಜ್ವಾಳದ ಕಾಳು. ಒಂದರಾಗ ಬೆಲ್ಲದ ಚೂರ ಕರಗಿ, ಗಂಡ ಹೆಂಡತಿ ಜಗಳಾಡೂ ಪುಟಾ, ಅವರು ರಾಜಿ ಆಗೂ ಪುಟಾ ಎರಡೂ ಅಂಟಿ ಕುಂತಾವ. ಅದನ್ನ ಓದಿದಾಕಿ ಬಂದು "ಆ ಹುಡುಗಿ ಗಂಡನ ಮನಿಗೆ ಹೋದ್ಲೋ ಇಲ್ಲೋ?" ಅಂತ ನನ್ನ ಕೇಳತಾಳ. ನಾ ಏನ ಹೇಳಲಿ? ಇರಿವಿ ಸಾಲ ಕನ್ನಡ ಕಪಾಟದಿಂದ ಹೊಂಟು ಮರಾಠಿ ಕಪಾಟ ದಾಟಿ ತಾತ್ಯಾಸಾಹೇಬರ ಕುರ್ಚಿತನಕ ಮುಟ್ಟೈತಿ.

ಯಾಕ ಹಿಂಗ ಮಾಡತೀರಿ ಅಂತ ಫಕೀರವ್ವನ ಕೇಳಿದ್ರ ಆಕಿ ನನ್ನನ್ನ ಹುಚ್ಚಿನ ನೋಡಿದಂಗ ನೋಡಿದ್ಲು. "ಅಲ್ಲ ಬೇ, ನೀ ತುಂಬಿದ್ದು ತಂದು ಕೊಡತಿ. ನಾವು ಓದಿ ಖಾಲಿ ಮಾಡತೀವಿ. ಮಂದಿ ಭಾಂಡೆ ಹಂಗ ಖಾಲಿ ಹೊಳ್ಳಿ ಕೊಡತಾರೇನ?"

ಇದಕ್ಕೇನ ಮಾಡಲಿ ಹೇಳು. ನೀ ನನಗಿಂತ ಶಾಣ್ಯಾಕಿ, ಕೋರ್ಸಿನ್ಯಾಗ ನಂಬರ ಬಂದಾಕಿ.

ನಿನ್ನ
ತಾರಾ

ತಾ.ಕ.: ಭಾಂಡೆ ಅಂದ ಕೂಡಲೆ ನೆನಪಾತು. ನಮ್ಮವ್ವನ ಹಿತ್ತಾಳಿ ಡಬ್ಬಿ ನಿಮ್ಮ ಮನ್ಯಾಗ ಕುಂತು ಎರಡು ವರ್ಷ ಆತು. ಅವ್ವ ಕೇಳಂಗಿಲ್ಲ, ನಾನ ಕೇಳಾಕತ್ತೇನಿ. ಏನು, ನುಂಗಬೇಕಂತ ಮಾಡಿಯೇನ?


ಗಡಹಿಂಗ್ಲಜ
೪ ಅಕ್ಟೋಬರ್ ೧೯೭೮

ತಾರಿ,

ನಿನ್ನ ಪತ್ರ ಸ್ಟಾಫ್ ರೂಮಿನ್ಯಾಗ ಓದಿ ನಕ್ಕು, ಹೆಡ್‌ಮಾಸ್ತರ ಕಡಿಂದ ಬೈಸಿಕೊಂಡೆ. ಬೈದದ್ದು ನಿನ್ನ ಲೆಕ್ಕಕ್ಕ ಹಚ್ಚೇನಿ.

ನಿನ್ನ ಇರಿವಿ ಏನ ದೊಡ್ಡದಲ್ಲ. ನಮ್ಮ ಸಾಲಿ ಹುಡುಗೂರು ಪುಸ್ತಕದಾಗ ನವಿಲಗರಿ ಇಡತಾವ. ಮರಿ ಹಾಕತೈತಂತ! ಬರೇ ಇಟ್ರ ಹಾಕೂದಿಲ್ಲಂತ, ಮೇವು ಬೇಕಂತ, ಅದಕ್ಕ ಪೆನ್ಸಿಲ್ ಹೆರದ ಚೂರ ಹಾಕತಾವ. ಭೂಗೋಳದ ಪುಸ್ತಕ ತೆರದ್ರ ಮೇವಿನ ಬಣವಿ. ಹೆಡ್‌ಮಾಸ್ತರು ಇದನ್ನ ನೋಡಿದ ದಿನದಿಂದ ಕಪಾಟಕ್ಕ ಎರಡನೇ ಕೀಲಿ ಹಾಕ್ಯಾರ. ಒಂದು ಪುಸ್ತಕ ಕಮ್ಮಿ ಬಂದ್ರ ವರ್ಷದ ತಪಾಸಣ್ಯಾಗ ನಮ್ಮ ತಲಿಗೆ ಬರತೈತಿ ಅಂತ ಅವರ ಅಂಜಿಕಿ. ಹುಡುಗೂರು ಕಾಜಿನ ಹೊರಗ ನಿಂತು ಪುಸ್ತಕದ ಬೆನ್ನ ಓದಿ ಹೋಗತಾವ. ನಿನ್ನ ಪುಸ್ತಕಕ್ಕ ಬೆಲ್ಲರೆ ಅಂಟೇತಿ, ನನ್ನ ಪುಸ್ತಕಕ್ಕ ಕೈನ ಹತ್ತವಲ್ದು.

ಕಪಾಟದ ನಾಲ್ಕೂ ಕಾಲಿಗೆ ನೀರಿನ ಬಟ್ಟಲ ಇಡು. ಡಾಂಬರ ಗುಳಿಗಿ ಹಾಕು. ಓಣಿ ಹೆಂಗಸರಿಗೆ ಸಮಾಧಾನಲೆ ಹೇಳು. ನಿನ್ನ ಬಾಯಿ ಗೊತ್ತೈತಿ ನನಗ, ಬೆಂಕಿ ಕಡ್ಡಿ ಗೀರಿದಂಗ ಮಾತಾಡತಿ. ಹಂಗ ಮಾಡಬ್ಯಾಡ.

ಇಲ್ಲೆ ಮಳಿ ನಿಂತಿಲ್ಲ. ಚಂದಗಡದ ಬಸ್ಸು ನಿನ್ನೆ ಬರ್ಲೇ ಇಲ್ಲ. ಮನ್ಯಾಗ ನಾನೂ ಅಪ್ಪನೂ ಇಬ್ಬರ. ಅಪ್ಪಗ ಭಾಕ್ರಿ ಬಡದು ಹಾಕತೇನಿ, ಅವರು ಮಾತಾಡದ ತಿಂತಾರ. ಚಲೋ ಆಗೇದೋ ಇಲ್ಲೋ ಗೊತ್ತಾಗೂದಿಲ್ಲ.

ಮುಕ್ತಾ


ಇಚಲಕರಂಜಿ
೨೭ ನವೆಂಬರ್ ೧೯೭೮

ಮುಕ್ತಾ,

ಗೆದ್ದೆ! ಇರಿವಿ ಹೋದವು.

ಆದದ್ದು ಹಿಂಗ. ದೀಪಾವಳಿ ಮುಂದ ಕಮಿಟಿ ಸಭಾ ಇತ್ತು. ತಾತ್ಯಾಸಾಹೇಬರು ಕುರ್ಚಿಗೆ ಕುಂತು ಚಾದ ಬಶಿ ಬಾಯಿಗೆ ಹಚ್ಚ್ಯಾರ, "ಆಯೀ ಗಾ!" ಅಂತ ಜಿಗದು ಎದ್ದ್ರು. ಧೋತರದಾಗ ಇರಿವಿ. ಚಾ ಎಲ್ಲಾ ಹೊಸಾ ಪುಸ್ತಕದ ಯಾದಿ ಮ್ಯಾಲ. ನನಗ ನಗಿ ತಡಕೊಳ್ಳಾಕ ಆಗ್ಲಿಲ್ಲ, ಅದ ತಪ್ಪಾತು. ಅವರು ಕೆಂಪಗಾಗಿ, ಇನ್ನ ಮುಂದ ಪುಸ್ತಕದಾಗ ಏನರೆ ಇಟ್ಟು ಕೊಟ್ರ ಕನ್ನಡ ಪೇಟಿ ಬಂದ್ ಅಂದ್ರು. "ಪುಸ್ತಕೆ ರಿಕಾಮೀಚ್ ಪರತ್ ಕರಾವೀತ" ಅಂತ ಬೋರ್ಡ್ ಹಾಕು ಅಂತ ಅಲ್ಲೇ ಹೇಳಿ ಬರಸಿದ್ರು. ನಾ ಅದನ್ನ ಸಾಲಿ ಕನ್ನಡದಾಗ ಚಂದ ಮಾಡಿ ದಪ್ಪ ರಟ್ಟಿನ ಮ್ಯಾಲ ಬರದೆ: "ಪುಸ್ತಕಗಳನ್ನು ಖಾಲಿಯಾಗಿಯೇ ಹಿಂದಿರುಗಿಸತಕ್ಕದ್ದು." ಪೇಟಿ ಮುಚ್ಚಳಕ್ಕ ಒಳಗಿಂದ ಅಂಟಿಸಿದೆ, ತೆರದ ಕೂಡಲೆ ಕಾಣಬೇಕಂತ.

ಫಕೀರವ್ವ ಅದನ್ನ ದನಿ ತಗದು ಓದಿದ್ಲು. ಎಲ್ಲಾರೂ ಒಬ್ಬೊಬ್ಬರ ಎದ್ದು ಮನಿಗೆ ಹೋದ್ರು. ಮರುವಾರ ಎಲ್ಲಾ ಪುಸ್ತಕ ಬಂದವು, ಅರಿವಿಲೆ ಒರಸಿ, ಬೆನ್ನ ಸಾಪ ಮಾಡಿ, ಒಂದು ಕಾಳಿಲ್ಲ, ಒಂದು ಚೂರ ಬೆಲ್ಲ ಇಲ್ಲ. ಇಷ್ಟು ಸರಳ ಇತ್ತು ಅಂತ ನೋಡು, ನಾ ಸುಮ್ಮ ತಲಿ ಕೆಡಿಸಿಕೊಂಡಿದ್ದೆ.

ಡಬ್ಬಿ ವಿಷಯ ನೀ ಬರದ ಇಲ್ಲ. ನಾಗೂಬಾಯಿ ಅಂತ ಅವ್ವನ ಹೆಸರ ಚುಕ್ಕಿ ಚುಕ್ಕಿ ಹೊಡಿಸಿದ ಡಬ್ಬಿ ಅದು, ಆಕಿ ಮದವಿದು. ನಾ ಕೇಳೇನಿ ಅಂದ್ರ ಅವ್ವ ನನಗ ಬೈದ್ಲು, "ಕೇಳಬ್ಯಾಡ ಬಿಡು" ಅಂತ. ಯಾಕ ಅಂದ್ರ ಹೇಳಂಗಿಲ್ಲ. ನೀವಿಬ್ಬರೂ ಕೂಡಿ ನನಗೇನ ಮುಚ್ಚಿಟ್ಟೀರಿ?

ಗೆದ್ದ ನಿನ್ನ
ತಾರಾ


ಗಡಹಿಂಗ್ಲಜ
೧೯ ಡಿಸೆಂಬರ್ ೧೯೭೮

ತಾರಿ,

ಸಾಲಿ ಗ್ಯಾದರಿಂಗ ನಡದೈತಿ, ಪುರಸೊತ್ತಿಲ್ಲ. ಒಂದ ಮಾತು ಬರದು ಮುಗಸತೇನಿ.

ನೀ ಬರದ ಬೋರ್ಡ್ ನನಗ್ಯಾಕೋ ಸೇರ್ಲಿಲ್ಲ. ಯಾಕ ಅಂತ ಈಗ ಹೇಳಾಕ ಬರವಲ್ದು. ಅವರು ಪುಸ್ತಕ ಕೊಟ್ಟಾಗ ನಿನ್ನ ಕೂಡ ಮಾತಾಡಿದ್ರೇನ?

ಡಬ್ಬಿ ನನ್ನ ಕಡೆ ಚಲೋ ಐತಿ. ವಾರಕ್ಕೊಮ್ಮೆ ಹುಣಸಿಹಣ್ಣ ಹಚ್ಚಿ ತಿಕ್ಕಿಡತೇನಿ.

ಮುಕ್ತಾ


ಇಚಲಕರಂಜಿ
೨೨ ಜನೆವರಿ ೧೯೭೯

ಮುಕ್ತಾ,

ನೀ ಖರೇ ಮಾಟಗಾತಿ. ಮಾತಾಡಿದ್ರೇನ ಅಂತ ಕೇಳಿದೆಲ್ಲ. ಇಲ್ಲ, ಮಾತಾಡಿರ್ಲಿಲ್ಲ. ನಾ ಗೆದ್ದ ಖುಷ್ಯಾಗ ಅದನ್ನ ನೋಡೇ ಇಲ್ಲ.

ಆ ದಿನ ಪುಸ್ತಕ ಹೊಳ್ಳಿ ಕೊಟ್ಟಾವರು ಮತ್ತ ಒಂದೂ ಒಯ್ದಿಲ್ಲ. ಮೊದಲನೇ ವಾರ ಮದವಿ ಸೀಜನ್ನ ಅಂದುಕೊಂಡೆ. ಆಮ್ಯಾಲ ಮಗ್ಗದ ಕೆಲಸ ಜೋರೈತಿ ಅಂದುಕೊಂಡೆ. ಈಗ ಪೇಟಿ ತೆರದು ಕಟ್ಟಿ ಮ್ಯಾಲ ಕುಂತ್ರ ಎಲ್ಲಾರೂ ಬಾಗಿಲ ಮುಂದ ಮಾಡಿಕೊಂಡು ಒಳಗ ಇರತಾರ. ಕಾಂಡಿ ಚಕ್ರದ ಸಪ್ಪಳ ಕೇಳತೈತಿ, ಅಷ್ಟ. ಓದೂ ದನಿ ಇಲ್ಲ. ಯಲಗೂರಪ್ಪ ಕೈಗಾಡಿ ತರತಾನ, ಆದ್ರ ಅವನೂ ನನ್ನ ಮಾರಿ ನೋಡದ ಪೇಟಿ ಇಳಸತಾನ. ಮುದಕವ್ವ ಅಂತ ಒಬ್ಬಾಕಿ ಹಿರೇ ಮನಶ್ಯಾಳು, ಓದಾಕ ಬರದಿದ್ರೂ ಪುಸ್ತಕದ ವಾಸ್ನಿ ನೋಡಿ ಇಡತಿದ್ಲು, ಆಕಿ ಸೈತ ನನ್ನ ನೋಡಿ ಬ್ಯಾರೆ ಹಾದಿ ಹಿಡದ್ಲು.

ಸಂಕ್ರಾಂತಿಗೆ ಎಳ್ಳು ಕೊಡಾಕ ಆ ಓಣ್ಯಾಗಿಂದ ಒಬ್ಬಾಕಿನೂ ಬರ್ಲಿಲ್ಲ. ಲೈಬ್ರರಿ ಬಾಗಿಲದಾಗ ಸಂಜಿತನಕ ನಿಂತಿದ್ದೆ. ಮರಾಠಿ ಬಾಯಾರು ಬಂದು "ತಿಳಗೂಳ ಘ್ಯಾ" ಅಂತ ಕೊಟ್ಟು ಹೋದ್ರು. ನಾ ಇಸಗೊಂಡು ಒಳಗ ಹೋಗಿ ಕಪಾಟದ ಹಿಂದ ಅತ್ತೆ. ನಿನಗಷ್ಟ ಹೇಳತೇನಿ.

ತಾತ್ಯಾಸಾಹೇಬರು ಕೆಟ್ಟಾವರಲ್ಲ, ನಿಧಾನಕ್ಕ ಹೇಳಿದ್ರು. ಗುಡಿ ಪಾಡವಾತನಕ, ಅಂದ್ರ ನಮ್ಮ ಯುಗಾದಿತನಕ ನೋಡೂಣು. ಆಗೂ ಯಾರೂ ಒಯ್ಯದಿದ್ರ ಪೇಟಿ ಬಂದ್. ಕನ್ನಡ ಪುಸ್ತಕ ಕಟ್ಟಿ ಹಳೇ ಸಾಮಾನ ಒಗಿಯೂ ಅಡಗಲ ಖೋಲಿಗೆ ಹಾಕೂದು, ಪೇಟ್ಯಾಗ ಹಳೇ ಪೇಪರ ತುಂಬೂದು. ಅಲ್ಲೆ ಹೋದ ಪುಸ್ತಕ ಹೊಳ್ಳಿ ಬಂದದ್ದು ನಾ ಕಂಡಿಲ್ಲ. ಕಸರ ಹುಳ ಹತ್ತಿ ಪುಡಿ ಆಗತಾವ.

ಪುಸ್ತಕ ಹೋದ್ರ ಹೋಗ್ಲಿ ಅಂತ ಅನ್ನಾಕ ಬರವಲ್ದು. ಆ ಓಣ್ಯಾಗ "ಬೇ ತಾರವ್ವ" ಅಂತಿದ್ರು, ಅದು ಹೋಗತೈತಿ. ನಾ ಅವರಿಗೇನ ಮಾಡೇನಿ? ಹೊಲಸ ಮಾಡಬ್ಯಾಡ್ರಿ ಅಂದೆ, ಇಷ್ಟ. ಅಷ್ಟಕ್ಕ ಇಷ್ಟು ಸಿಟ್ಟ?

ತಾರಾ


ಕೊಲ್ಲಾಪುರ
೯ ಫೆಬ್ರುವರಿ ೧೯೭೯

ತಾರಿ,

ಸಾಲಿ ಪುಸ್ತಕ ಬೈಂಡಿಂಗಿಗೆ ಹಾಕಾಕ ಕೊಲ್ಲಾಪುರಕ್ಕ ಬಂದೇನಿ. ನವಿಲಗರಿ ಎಲ್ಲಾ ತಗದು ಒಂದು ಪಾಕೀಟದಾಗ ಹಾಕಿ ಇಟ್ಟೇನಿ, ಹುಡುಗೂರಿಗೆ ಹೊಳ್ಳಿ ಕೊಡಬೇಕು, ಇಲ್ಲಂದ್ರ ನನ್ನ ಬಿಡೂದಿಲ್ಲ. ಬೈಂಡರ್ ಊಟಕ್ಕ ಹೋಗ್ಯಾನ. ಅವನ ಅಂಗಡಿ ಪಾವಟಿಗಿ ಮ್ಯಾಲ ಕುಂತು ಬರಿಯಾಕತ್ತೇನಿ. ಬರೂ ಮುಂದ ಕೋರ್ಸ್ ಮಾಡೂವಾಗ ನಾವಿಬ್ಬರೂ ಇದ್ದ ಖೋಲಿ ಕಡಿಂದ ಬಂದೆ. ಕಿಡಕ್ಯಾಗ ಯಾರದೋ ಸೀರಿ ಒಣಗಾಕ ಹಾಕ್ಯಾರ. ನಿಂತು ನೋಡಿದೆ. ನೀ ಒಲಿ ಮ್ಯಾಲ ಅನ್ನ ಹೊತ್ತಿಸಿ, "ಇದು ವಾಸ್ನಿ ಚಲೋ ಬರತೈತಿ" ಅಂದಿದ್ದು ನೆನಪಾಗಿ ಹಾದ್ಯಾಗ ಒಬ್ಬಾಕಿನ ನಕ್ಕೆ.

ಈಗ ನಾ ನಿನಗ ಬೈತೇನಿ, ಗಪ್ಪ ಓದು.

ಹುಚ್ಚಿ, ನೀ ಕುರಿ ಕಾಯೂ ಧನಗರ ಮನ್ಯಾಗ ಹುಟ್ಟಿದಾಕಿ ಹೌದೋ ಅಲ್ಲೋ? ಹಾಲಿನ ಗಿಂಡಿ ಬಾಜೂ ಮನಿಗೆ ಹೋದ್ರ ಅದರಾಗ ನಾಕ ಕಾಳರೆ ಬಿದ್ದು ಹೊಳ್ಳಿ ಬರತಿದ್ದವಲ್ಲ? ಖಾಲಿ ಭಾಂಡೆ ಯಾವಾಗ ಹೊಳ್ಳಿ ಕೊಡತಾರ? ಒಂದು, ಋಣ ಹರಕೊಂಡಾಗ. ಇನ್ನ ನಿಮ್ಮ ಕೂಡ ಕೊಡೂದು ತೊಗೊಳ್ಳೂದು ಸಾಕು ಅನ್ನಾಕ. ನೀ ಆ ಹೆಣ್ಣಮಕ್ಕಳಿಗೆ ಖಾಲಿ ಕೊಡ್ರಿ ಅಂತ ದಪ್ಪ ಅಕ್ಷರದಾಗ ಬರದಿ. ಅದೂ "ತಕ್ಕದ್ದು" ಅಂತ! ಅವರು ಸಿಟ್ಟ ಮಾಡಿಲ್ಲ ತಾರಿ. ನೀ ಅವರ ಕೂಡ ಮಾತು ಮುರದಿ ಅಂತ ತಿಳದಾರ. ಅದಕ್ಕ ನಿನ್ನ ಪುಸ್ತಕ ಒರಸಿ, ಸ್ವಚ್ಛ ಮಾಡಿ, ನೀ ಹೇಳಿದಂಗ ಕೊಟ್ಟು ದೂರ ಆದ್ರು. ತಾತ್ಯಾಸಾಹೇಬರಿಗೆ ರಿಕಾಮಿ ಅಂದ್ರ ಬರೇ ರಿಕಾಮಿ. ನಮ್ಮ ಮಂದಿಗೆ ಹಂಗಲ್ಲ.

ಎರಡನೇದು ಯಾವಾಗ ಖಾಲಿ ಕೊಡತಾರ ಅಂತ ಹೇಳತೇನಿ. ಇದನ್ನ ನಾ ಯಾರಿಗೂ ಹೇಳಿಲ್ಲ.

ನಮ್ಮವ್ವ, ಬಾಳಕ್ಕ, ತೀರಿಕೊಂಡ ದಿನ ನಮ್ಮ ಮನ್ಯಾಗ ಒಲಿ ಹೊತ್ತಿರ್ಲಿಲ್ಲ. ನಿಮ್ಮವ್ವ ಆ ಡಬ್ಬ್ಯಾಗ ಭಾಕ್ರಿ, ಝುಣಕ ತುಂಬಿಕೊಂಡು ನಿಮ್ಮೂರಿಂದ ಬಸ್ಸ ಹತ್ತಿ ಬಂದು, ನನಗೂ ಅಪ್ಪಗೂ ತನ್ನ ಕೈಲೆ ಉಣಸಿದ್ಲು. ನೀ ಆಗ ಇಚಲಕರಂಜ್ಯಾಗ ನೌಕರಿಗೆ ಹೊಸದಾಗಿ ಹತ್ತಿದ್ದಿ, ಮರುದಿನ ಬಂದಿ. ಸಾವಿನ ಮನಿಗೆ ಬುತ್ತಿ ತಂದ ಡಬ್ಬಿ ತುಂಬಿ ಕೊಡೂದಿಲ್ಲ. ಖಾಲಿ ಕೊಡೂದ ರೀತಿ. ಹೊಂಡೂ ಮುಂದ ನಿಮ್ಮವ್ವ ಕೈ ಚಾಚಿದ್ಲು. ನನಗ ಕೊಡಾಕ ಆಗ್ಲಿಲ್ಲ ತಾರಿ. ಖಾಲಿ ಡಬ್ಬಿ ಆಕಿ ಕೈಯಾಗ ಇಟ್ಟ್ಯಾ ಅಂದ್ರ ನಮ್ಮವ್ವ ಹೋದದ್ದು ಖರೇ ಆಗತೈತಿ ಅನಿಸ್ತು. ನಿಮ್ಮವ್ವ ನನ್ನ ಮಾರಿ ನೋಡಿದ್ಲು. "ಇರ್ಲಿ ಬಿಡು, ಆಮ್ಯಾಲ ಕೊಡಿಯಂತ" ಅಂದು ಬರಿಗೈಲೆ ಹೋದ್ಲು. ಅದಕ್ಕ ಆಕಿ ಕೇಳಂಗಿಲ್ಲ. ನಿನಗೂ ಕೇಳಗೊಡೂದಿಲ್ಲ.

ಆಮ್ಯಾಲ ತುಂಬಿ ಕಳಸಬೇಕು ಅಂದ್ರ ಏನ ತುಂಬಲಿ? ಅವ್ವ ಇದ್ದಾಗ ಗೋದಿ, ಬೆಲ್ಲದ ಮಾದಲಿ ಮಾಡತಿದ್ಲು. ಆಕಿ ಹಂಗ ನನಗ ಬರೂದಿಲ್ಲ. ವಾರ ವಾರ ತಿಕ್ಕಿ ಗ್ವಾಡಿ ಮಾಡದಾಗ ಇಡತೇನಿ.

ನಂದಿರ್ಲಿ. ನೀ ಮೊದಲ ಆ ಬೋರ್ಡ್ ಹರದು ಒಲಿಗೆ ಹಾಕು. ಆಮ್ಯಾಲ ಓಣಿಗೆ ಹೋಗು. ಪೇಟಿ ಕಟ್ಟಿ ಮ್ಯಾಲ ಇಟಗೊಂಡು ಸರಕಾರಿ ಮನಶ್ಯಾಳಂಗ ಕುಂಡರಬ್ಯಾಡ. ಮನಿ ಮನಿಗೆ ಹೋಗು, ತುಂಬಿದ ಕೈಲೆ ಹೋಗು, ನೀನ ಮೊದಲ ಮಾತಾಡು.

ಬೈಂಡರ್ ಬಂದ.

ನಿನ್ನ
ಮುಕ್ತಾ


ಇಚಲಕರಂಜಿ
೧೯ ಮಾರ್ಚ್ ೧೯೭೯

ಮುಕ್ತಾ, ನನ್ನವ್ವಾ,

ನಿನ್ನ ಪತ್ರಕ್ಕ ಉತ್ತರ ಬರಿಯಾಕ ಇಷ್ಟು ದಿನ ಆತು. ಮೂರು ಸಲ ಬರದು ಹರದೆ. ನಾ ಇಷ್ಟು ತಿಂಗಳ ಡಬ್ಬಿ ಡಬ್ಬಿ ಅಂತ ನಿನ್ನ ಜೀವಾ ತಿಂದೆ. ಅವ್ವಗ ಓದಿ ಹೇಳಿದೆ. ಆಕಿ ಸೆರಗಿಲೆ ಮಾರಿ ಒರಸಿಕೊಂಡು, "ಆ ಹುಡುಗಿಗೆ ಅವಸರ ಮಾಡಬ್ಯಾಡ ಅಂತ ಬರಿ" ಅಂದ್ಲು. ಬರದೇನಿ.

ಈಗ ಓಣಿ ಮಾತು ಕೇಳು.

ಬೋರ್ಡ್ ಹರದೆ. ಅವ್ವ ಎಳ್ಳಹೋಳಿಗಿ ಮಾಡಿಕೊಟ್ಲು, ಸಂಕ್ರಾಂತಿ ಹೋಗಿ ಹ್ವಾಳಿ ಹುಣ್ಣಿವಿ ಆಗಿತ್ತು, ಆದ್ರೂ ಎಳ್ಳ ಇರ್ಲಿ ಅಂದ್ಲು. ಕೆಂಪ ಕಿನಾರಿ ಚೀಲದಾಗ ಹೋಳಿಗಿ ಮ್ಯಾಲ, ಅರಿವಿ ಹಾಸಿ ಪುಸ್ತಕ ಕೆಳಗ ಹಾಕಿಕೊಂಡು ಫಕೀರವ್ವನ ಮನಿಗೆ ಹೋದೆ. ಆಕಿ ಕಾಂಡಿ ಸುತ್ತಾಕತ್ತಿದ್ಲು. ತಲಿ ಎತ್ಲಿಲ್ಲ.

"ಬರ್ರಿ. ಏನ್ ಕೆಲಸಿತ್ರಿ?" ಅಂದ್ಲು.

ರೀ ಹಚ್ಚಿದ್ಲು ನನಗ! ಬೇ ಅಂತಿದ್ದಾಕಿ ರೀ ಅಂದ್ಲು. ಆ ರೀ ಕಪಾಳಕ್ಕ ಹೊಡದಂಗಾತು. ನಿನಗ ಗೊತ್ತಲ್ಲ ನನ್ನ ಸಿಟ್ಟು, ಸಮಾಧಾನಲೆ ಮಾತಾಡಬೇಕಂತ ಹೋದಾಕಿ ಒದರಿಬಿಟ್ಟೆ. "ಅದು ನಾ ಬರದದ್ದಲ್ಲ, ಕಮಿಟಿಯಾವರು ಬರಸಿದ್ದು!"

"ಅಕ್ಷರ ನಿಮ್ಮವ ಇದ್ದವಲ್ರಿ."

ಅಕ್ಷರ ನನ್ನವ. ದಪ್ಪ ಮಾಡಿ ಬರದಾಕಿ ನಾನ. "ಫಕೀರವ್ವ, ಪುಸ್ತಕ ಭಾಂಡೆ ಅಲ್ಲ ಬೇ. ಓದಿದ್ರ ಖಾಲಿ ಆಗೂದಿಲ್ಲ ಅದು. ನೀ ಓದಿ ಕೊಟ್ಟ ಮ್ಯಾಲೂ ಹಂಗ ತುಂಬಿರತೈತಿ" ಅಂದೆ. ಚಲೋ ಮಾತಾಡಿದೆ ಅನಿಸ್ತು ನನಗ.

ಆಕಿ ಈಗ ತಲಿ ಎತ್ತಿದ್ಲು. "ಖಾಲಿ ಆಗೂದಿಲ್ಲಂದ್ರ, ಖಾಲಿ ಮಾಡಿ ಕೊಡ್ರಿ ಅಂತ ಯಾಕ ಬರದ್ರಿ?"

ಮುಕ್ತಾ, ನಾ ಅಲ್ಲೇ ಕುಂತು ಅತ್ತೆ. ಕಪಾಟದ ಹಿಂದ ಅಲ್ಲ, ಎಲ್ಲಾರ ಮುಂದ. ಮುದಕವ್ವ ಬಂದ್ಲು, ಬಾಜೂ ಮನಿಯಾವರು ಬಂದ್ರು. "ನಾ ನಿಮ್ಮ ಕೂಡ ಮಾತು ಮುರದಿಲ್ಲ, ನನಗ ಬರಿಯಾಕ ಬರ್ಲಿಲ್ಲ, ಇಷ್ಟ. ಈ ಓಣಿಗೆ ಬರದಿದ್ರ ನನಗ ಈ ಊರು ಊರ ಅನಸೂದಿಲ್ಲ" ಅಂತ ಮೂಗ ಒರಸಿಕೋತ ಹೇಳಿದೆ. ಮರ್ಯಾದಿ ಗಿರ್ಯಾದಿ ಎಲ್ಲಾ ಹೋತು.

ಫಕೀರವ್ವ ಎದ್ದು ಬಂದು ನನ್ನ ಮಡಲಾನ ಚೀಲ ಎತ್ತಿ ದೂರ ಇಟ್ಲು. "ಅಳೂದಿದ್ರ ಆ ಕಡೆ ಮಾರಿ ಮಾಡಿ ಅಳು ಬೇ, ಪುಸ್ತಕ ತೊಯ್ತಾವ."

ಬೇ ಅಂದ್ಲು! ಅಳೂದು ಬಿಟ್ಟು ನಕ್ಕೆ. ಎಲ್ಲಾರೂ ನಕ್ರು. ಹೋಳಿಗಿ ಹಂಚಿದ್ವಿ. ಇದ್ದ ಪುಸ್ತಕ ಅಲ್ಲೇ ಹೋದವು, ಸಾಲ್ಲಿಲ್ಲ. ಬೆಲ್ಲ ಅಂಟಿದ ಪುಸ್ತಕ ನಾ ಆವಿ ಹಿಡದು ಬಿಡಿಸಿದ್ದೆ, ಅದಕ್ಕ ಜಗಳ ಬಿತ್ತು. ಆ ಹುಡುಗಿ ಗಂಡನ ಮನಿಗೆ ಹೋದ್ಲು, ಎಲ್ಲಾರಿಗೂ ಸಮಾಧಾನ ಆತು.

ಹೊಂಡೂ ಮುಂದ ನಾ ಚೀಲ ಮಡಚಿ ಬಗಲಾಗ ಹಿಡಕೊಂಡೆ. ಮುದಕವ್ವ ಅಡ್ಡ ನಿಂತ್ಲು. "ಖಾಲಿ ಚೀಲ ಒಯ್ತಿಯೇನ ಬೇ?" ಅಂದಾಕಿ ಒಳಗ ಹೋಗಿ ಹುರದ ಶೇಂಗಾ ತಂದು ಸುರದ್ಲು. ಫಕೀರವ್ವ ಬೆಲ್ಲ ಹಾಕಿದ್ಲು. ನಾ ನಡಬಾಗಲದಾಗ ನಿಂತು ಆ ಚೀಲ ನೋಡಿಕೋತ, ಅಯ್ಯ, ಇಷ್ಟ ಅಲ್ಲೇನ ಅಂತ ಹಣಿ ಬಡಕೊಂಡೆ. ಭಾಂಡೆ ಪುಸ್ತಕ ಅಲ್ಲ, ಚೀಲ!

ಮುಂದಿನ ಸಭಾಕ್ಕ ಚೀಲ ಒಯ್ದು ತಾತ್ಯಾಸಾಹೇಬರ ಮುಂದ ಇಟ್ಟೆ. ಪುಸ್ತಕ ಸ್ವಚ್ಛ ಬರತಾವ, ಅವರಿಗೇನ ಕೊಡೂದೈತಿ ಅದು ಚೀಲದಾಗ ಬರತೈತಿ, ಚೀಲ ಕಪಾಟದ ಕಡೆ ಹೋಗೂದಿಲ್ಲ ಅಂದೆ. ಅವರು ಒಂದು ಶೇಂಗಾ ಬಾಯಾಗ ಹಾಕ್ಕೊಂಡ್ರು. ಇನ್ನೊಂದು ಹಾಕ್ಕೊಂಡ್ರು. ಕಾರ್ಯದರ್ಶಿ ಇದು ನಿಯಮದಾಗ ಕುಂಡರೂದಿಲ್ಲ ಅನ್ನಾಕತ್ತಿದ್ರು. ತಾತ್ಯಾಸಾಹೇಬರು ಬಾಯಿ ತುಂಬ ಶೇಂಗಾ ಇಟಗೊಂಡ, "ಪಿಶವೀಬದ್ದಲ ಕಾಹೀ ನಿಯಮ ನಾಹೀ" ಅಂದ್ರು. ಚೀಲದ ಬಗ್ಗೆ ನಿಯಮ ಇಲ್ಲಂತ! ಪೇಟಿ ಉಳೀತು. ಪಾಡವಾಕ್ಕ ಹೊಸಾ ಕನ್ನಡ ಪುಸ್ತಕ ಕೊಳ್ಳಾಕೂ ಹೂಂ ಅಂದಾರ.

ನಿನ್ನಿಂದ ಆತು ಇದು. ಡಬ್ಬಿ ಅಲ್ಲೇ ಇರ್ಲಿ, ಮುಕ್ತಾ. ಮಾಡದಾಗ ಚಂದ ಕಾಣತೈತಿ.

ನಿನ್ನ
ತಾರಾ


ಗಡಹಿಂಗ್ಲಜ
೧೭ ಏಪ್ರಿಲ್ ೧೯೭೯

ತಾರಿ,

ಇಚಲಕರಂಜಿ ಬಸ್ಸಿನ ಕಂಡಕ್ಟರ ಧೋಂಡಿಬಾ ನಮ್ಮ ಗಲ್ಲಿಯಾಂವ. ಅವನ ಕೈಯಾಗ ಡಬ್ಬಿ ಕೊಟ್ಟೇನಿ, ಈ ಚೀಟಿ ಅದರ ಮ್ಯಾಲ ಕಟ್ಟೇನಿ.

ನಿನ್ನ ಪತ್ರ ಓದಿದ ಮರುದಿನ ಕಪಾಟದ ಎರಡನೇ ಕೀಲಿ ತಗದೆ. ಹುಡುಗೂರಿಗೆ ಪುಸ್ತಕ ಕೊಟ್ಟೆ, ನವಿಲಗರಿ ಪಾಕೀಟನೂ ಕೊಟ್ಟೆ. ಹೆಡ್‌ಮಾಸ್ತರು ನೋಡಿದ್ರು. ತಪಾಸಣಿಗೆ ನಾ ಉತ್ತರ ಕೊಡತೇನ್ರಿ ಅಂದೆ. ನಾನ ಅಂದೆನೋ ನೀ ನನ್ನ ಮೈಯಾಗ ಬಂದು ಅಂದ್ಯೋ ಗೊತ್ತಾಗ್ಲಿಲ್ಲ. ಅವರು ಒಳಗ ಹೋದ್ರು.

ಆ ಧೈರ್ಯದಾಗ ಮನಿಗೆ ಬಂದು ಮಾದಲಿಗೆ ಗೋದಿ ಹುರದೆ. ಮೊದಲನೇದು ಕರಕಾತು, ಎಮ್ಮಿಗೆ ಹಾಕಿದೆ. ಎರಡನೇದಕ್ಕ ಯಾಲಕ್ಕಿ ಹಾಕೂದು ಮರತೆ. ಅಪ್ಪ ತಿಂದು, "ನಿಮ್ಮವ್ವನೂ ಒಮ್ಮೊಮ್ಮೆ ಮರೀತಿದ್ಲು" ಅಂದ್ರು. ಎರಡು ವರ್ಷದಾಗ ಅವರು ಆಕಿ ಹೆಸರ ತಗದದ್ದು ಇದ ಮೊದಲ. ಆಮ್ಯಾಲ ಇಬ್ಬರೂ ಕುಂತು ಭಾಳೊತ್ತು ಆಕಿ ಮಾತ ಆಡಿದ್ವಿ.

ನಿಮ್ಮವ್ವನ ಕೈಯಾಗ ಕೊಡು. ನೀ ಮೊದಲ ತೆರೀಬ್ಯಾಡ.

ಮುಕ್ತಾ


ಇಚಲಕರಂಜಿ
೨೩ ಏಪ್ರಿಲ್ ೧೯೭೯

ಮುಕ್ತಾ,

ತೆರೀಲಿಲ್ಲ, ಆಣಿ. ಮೂಸಿ ನೋಡಿದೆ, ಅಷ್ಟ.

ಅವ್ವ ಡಬ್ಬಿ ಇಸಗೊಂಡು ತನ್ನ ಹೆಸರಿನ ಮ್ಯಾಲ ಕೈಯಾಡಿಸಿದ್ಲು. ತಿಕ್ಕಿ ತಿಕ್ಕಿ ಚುಕ್ಕಿ ಎಲ್ಲಾ ಸವದಾವ, ಈಗ ಬೆಳಕಿಗೆ ಹಿಡದ್ರ ಮಾತ್ರ ಹೆಸರ ಕಾಣತೈತಿ. ಏನಂತಾಳೋ ಅಂತ ನನಗ ಅಂಜಿಕಿ. ಆಕಿ ಮುಚ್ಚಳ ತಗದು ಒಂದು ತುತ್ತು ಬಾಯಾಗ ಹಾಕ್ಕೊಂಡು ಕಣ್ಣ ಮುಚ್ಚಿದ್ಲು. ಕಡೀಕ, "ಬಾಳಕ್ಕನ ಕೈ ಐತಿ ಇದರಾಗ" ಅಂದ್ಲು. ಆಕಿ ಅಂದದ್ದನ್ನ ಹಂಗ ಬರದೇನಿ, ನಂದೊಂದು ಅಕ್ಷರ ಕೂಡಿಸಿಲ್ಲ.

ನನಗೂ ಕೊಟ್ಲು. ಯಾಲಕ್ಕಿ ಇಲ್ಲ. ಆದ್ರೂ ಕೊಟ್ಟದ್ದೆಲ್ಲಾ ತಿಂದೆ. ಉಳದದ್ದು ಓಣಿಗೆ ಒಯ್ದು ಎಲ್ಲಾರ ಕೈಯಾಗ ಒಂದೀಟೀಟ ಇಟ್ಟೆ, ಬೋರ್ಡ್ ಹರಿ ಅಂತ ಬೈದಾಕಿ ಮಾಡಿದ್ದು ಅಂತ ಹೇಳಿದೆ. ಫಕೀರವ್ವ, "ಆಕಿ ಬಂದ್ರ ನಮ್ಮ ಮನ್ಯಾಗ ಇಳಸು" ಅಂದಾಳ. ಮೇ ಸುಟ್ಟಿಗೆ ಬಾ. ಆಕಿ ಓದೂದು ಕೇಳಿಯಂತ.

ಡಬ್ಬಿ ಈಗ ನನ್ನ ಮುಂದ ಕುಂತೈತಿ. ಫಕೀರವ್ವ ಶೇಂಗಾ ಕೊಟ್ಟಾಳ, ಮುದಕವ್ವ ಒಂದು ಮುಟಗಿ ಯಾಲಕ್ಕಿ ಕೊಟ್ಟಾಳ, ಮರೀಬಾರ್ದಂತ. ತಾತ್ಯಾಸಾಹೇಬರ ಮನಿಯಿಂದ ಲಿಂಬಿ ಉಪ್ಪಿನಕಾಯಿ ಬಂದೈತಿ, ಯಾಕ ಅಂತ ಕೇಳಬ್ಯಾಡ, ಅವರ ಬಾಯಾರು ಚೀಲದ ಸುದ್ದಿ ಕೇಳಿ ಕಳಸ್ಯಾರ. ಎಲ್ಲಾ ತುಂಬಿ ಧೋಂಡಿಬಾನ ಕೈಯಾಗ ನಾಳೆ ಮುಂಜಾನೆ ಬಸ್ಸಿಗೆ ಕಳಸತೇನಿ.

ಮತ್ತ ಎರಡು ವರ್ಷ ಇಟಗೊಂಡು ಕುಂಡರಬ್ಯಾಡ. ಅವ್ವ ಕೇಳಾಕತ್ಯಾಳ.

ನಿನ್ನ
ತಾರವ್ವ